ನೇರಳೆ ನೂಲಿನ ಮಾಸ್ಕ್

ಡೊಂಬಿವಲಿ (ಪೂರ್ವ)
೨೦ ಆಗಸ್ಟ್ ೨೦೧೦, ಶುಕ್ರವಾರ

ಪ್ರೀತಿಯ ತಮ್ಮ ದೇವುವಿಗೆ ಅಕ್ಕನ ನೆನಪುಗಳು.

ಹೇಗಿದ್ದೀ? ಸೂರತ್‌ನಲ್ಲಿಯೂ ಮಳೆ ಹೊಯ್ಯುತ್ತಿದೆ ಎಂದು ಟಿ.ವಿ.ಯಲ್ಲಿ ನೋಡಿದೆ. ಹೋಟೆಲಿನ ಮಾಳಿಗೆಯಲ್ಲಿ ನಿನಗೆ ಕೊಟ್ಟ ರೂಮು ಸೋರುತ್ತದೆ ಎಂದಿದ್ದೆಯಲ್ಲ, ನಿನ್ನ ಸೇಠ್ ಅದನ್ನು ರಿಪೇರಿ ಮಾಡಿಸಿದರೋ ಅಥವಾ ಇನ್ನೂ ಬಕೆಟ್ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದೀಯೋ? ಮ್ಯಾನೇಜರ್ ಎಂದು ಕರೆದರೆ ಸಾಕಾ, ಒಣಗಿದ ಹಾಸಿಗೆ ಬೇಡವಾ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಗಲ್ಲಾದಲ್ಲಿ ಕೂತಲ್ಲೇ ಚಹಾ ಕುಡಿಯುತ್ತಾ ಊಟ ತಪ್ಪಿಸಬೇಡ. ಗಂಟಲಿನ ವಿಷಯ ಮಾತ್ರ ಕೇಳುವುದಿಲ್ಲ. ಅದನ್ನು ನೀನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತೀ ಎಂದು ನನಗೆ ಗೊತ್ತಾಗಿದೆ. ಇಲ್ಲಿ ಮಗಳು ಪ್ರಣೀತಾಳ ಎಂ.ಎಸ್ಸಿ. ಕೊನೆಯ ವರ್ಷ ಶುರುವಾಯಿತು, ಬೆಳಿಗ್ಗೆ ಹೋದವಳು ಸಂಜೆ ಲೋಕಲ್‌ನಲ್ಲಿ ಜಜ್ಜಿಸಿಕೊಂಡು ಬರುತ್ತಾಳೆ. ನಾನು ಎಂದಿನಂತೆ ಅಂಬರನಾಥಕ್ಕೆ ಡ್ಯೂಟಿಗೆ ಹೋಗಿ ಬರುತ್ತಿದ್ದೇನೆ, ಇವತ್ತು ಮಾತ್ರ ರಜೆ ಹಾಕಿದ್ದೇನೆ. ನಿನ್ನ ಭಾವ ಸ್ಟೇಷನ್ನಿನ ಸೇತುವೆ ಹತ್ತುವಾಗ ಈಗಲೂ ಅರ್ಧದಲ್ಲಿ ನಿಂತು ಕಂಬಿ ಹಿಡಿದುಕೊಳ್ಳುತ್ತಾರೆ. ಹಿಂದಿನಿಂದ ಬರುವವರು ಚಲೋ ಚಲೋ ಅನ್ನುತ್ತಾರೆ. ಇವರು ನಗುತ್ತಾ ದಾರಿ ಬಿಡುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಎಂದುಕೊಳ್ಳುತ್ತೀ. ಫೋನಿನಲ್ಲಿ ಮಾತು ನಿನಗೆ ಬೇಡದ ಕಡೆ ತಿರುಗಿದರೆ ಸಾಕು, ನಿನ್ನ ನೆಟ್‌ವರ್ಕ್ ಹೋಗುತ್ತದೆ. ಅದೂ ಅಲ್ಲದೆ, ನಾವು ಮನೆಯಲ್ಲಿ ಮಾತಾಡುವುದು ತುಳು, ನಮ್ಮ ಜಗಳವೂ ತುಳುವಿನಲ್ಲೇ. ಬಾಯಿ ಬಿಟ್ಟರೆ ನನಗೆ ಬೈಗುಳವೇ ಬಂದೀತು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ, ನಿನ್ನದೂ ನನ್ನದೂ.

ಕಳೆದ ವರ್ಷದ ಅಷ್ಟಮಿಯ ಏಕಾಹ ನಿನಗೆ ನೆನಪಿರಬೇಕು. ಹಂದಿಜ್ವರ ಪುಣೆಯಿಂದ ಇಲ್ಲಿಗೂ ಬಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮೊಸರುಕುಡಿಕೆಯನ್ನು ಎಷ್ಟೋ ಮಂಡಳಿಗಳು ನಿಲ್ಲಿಸಿದ್ದವು. ನಮ್ಮ ಭಜನಾ ಮಂಡಳಿಯ ಅಧ್ಯಕ್ಷ ವಸಂತಕುಮಾರಣ್ಣ ಮಾತ್ರ ಪಟ್ಟು ಬಿಡಲಿಲ್ಲ. ಸೂರ್ಯೋದಯಕ್ಕೆ ಎತ್ತಿದ ತಾಳ ಮರುದಿನದ ಸೂರ್ಯೋದಯದವರೆಗೆ ನಿಲ್ಲಬಾರದು, ಮಂಡಳಿ ಶುರುವಾದಂದಿನಿಂದ ಒಂದು ವರ್ಷವೂ ಏಕಾಹ ತಪ್ಪಿಲ್ಲ, ನನ್ನ ಕಾಲದಲ್ಲಿ ತಪ್ಪಿತು ಅಂತ ಆಗ್ಬಾರ್ದು ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಅಂಬರನಾಥದ ಫಿಲ್ಟರ್ ಬಟ್ಟೆಯ ಕಂಪೆನಿಯಲ್ಲಿ ತಪಾಸಣೆಯ ಸೆಕ್ಷನ್ನಿನಲ್ಲಿ ಇರುವವಳು ನಾನೊಬ್ಬಳೇ ತಾನೆ? ಅಂಗಡಿಗಳಲ್ಲಿ ಮಾಸ್ಕ್ ಸಿಗುತ್ತಿರಲಿಲ್ಲ, ಸಿಕ್ಕಿದರೂ ಹಾಡುವವರಿಗೆ ಆಗುವಂಥದ್ದಲ್ಲ. ಹಾಗಾಗಿ ಮಾಸ್ಕ್ ಹೊಲಿಯುವ ಕೆಲಸ ನನ್ನ ತಲೆಗೆ ಬಂತು. ನಾನೂ ಖುಷಿಯಿಂದಲೇ ಒಪ್ಪಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಆ ವಾರ ನಮ್ಮ ಅಡುಗೆಮನೆ ಹೇಗಿತ್ತು ಎಂದು ನೀನೇ ಬಂದು ನೋಡಿದ್ದೀ. ಬೆಳಿಗ್ಗೆ ಕಿಟಕಿಯಿಂದ ಒಂದು ಕೋಲು ಬಿಸಿಲು ಒಳಗೆ ಬೀಳುತ್ತದಲ್ಲ, ಅದರ ಹಿಂದೆ ಪ್ರಣೀತಾ ಕಪ್ಪು ಕೊಡೆ ಬಿಡಿಸಿ ಹಿಡಿಯುತ್ತಿದ್ದಳು, ನಾನು ಬಿಸಿಲಿಗೆ ಅಡ್ಡ ನಿಂತು ಹಾಡುತ್ತಿದ್ದೆ. ಮೆಲ್ಲಗೆ ಮಾತಾಡಿದರೆ ಅಲ್ಲೊಂದು ಇಲ್ಲೊಂದು ಹನಿ. ಅದೇ ಮಾತನ್ನು ಗಟ್ಟಿಯಾಗಿ ರಾಗವೆತ್ತಿ ಹಾಡಿದರೆ ಬಾಯಿಂದ ಹೊರಟ ತುಂತುರು ಕೊಡೆಯವರೆಗೂ ಹೋಗುತ್ತಿತ್ತು. ನಾವು ಇಷ್ಟು ವರ್ಷ ದೇವರ ಎದುರು ಕೂತು ಒಬ್ಬರ ಮೇಲೊಬ್ಬರು ಉಗುಳಿಕೊಂಡಿದ್ದೇವಾ ಎಂದು ನನಗೆ ಅಸಹ್ಯವೂ ನಗುವೂ ಒಟ್ಟಿಗೇ ಬಂತು. ಪ್ರಣೀತಾ ನಗಲಿಲ್ಲ. “ಮಮ್ಮಿ, ಜೋ ದಿಖ್ತಾ ಹೈ ವೋ ಗಿರ್ ಜಾತಾ ಹೈ, ಜೋ ನಹೀ ದಿಖ್ತಾ ವೋ ಹವಾ ಮೇ ರೆಹ್ತಾ ಹೈ” ಎಂದಳು. ಕಣ್ಣಿಗೆ ಕಾಣುವ ಹನಿ ನೆಲಕ್ಕೆ ಬೀಳುತ್ತದಂತೆ, ಕಾಣದಷ್ಟು ಸಣ್ಣದು ಕೋಣೆಯ ಗಾಳಿಯಲ್ಲೇ ತೇಲಿಕೊಂಡಿರುತ್ತದಂತೆ, ಅದಕ್ಕೇ ಹೆದರಬೇಕಂತೆ. ಬರೀ ಹತ್ತಿಬಟ್ಟೆ ದೊಡ್ಡ ಹನಿಯನ್ನು ತಡೆದೀತು, ಸಣ್ಣದನ್ನು ಹಿಡಿಯಲು ನಡುವೆ ಕಂಪೆನಿಯ ಬಟ್ಟೆ ಬೇಕು. ಮೇಲ್ವಿಚಾರಕರನ್ನು ಕೇಳಿ, ಅಂಚು ಸರಿಯಿಲ್ಲವೆಂದು ತೆಗೆದಿಟ್ಟ ತುಂಡುಗಳನ್ನು ತಂದೆ. ಹೊರಗೆ ಹತ್ತಿ, ಒಳಗೆ ಹತ್ತಿ, ನಡುವೆ ಅದು.

ಬಟ್ಟೆ ಒಳ್ಳೆಯದಿದ್ದರೆ ಸಾಲದು, ಆಕಾರವೂ ಸರಿ ಇರಬೇಕು ಎಂದು ಆಮೇಲೆ ಗೊತ್ತಾಯಿತು. ಚಪ್ಪಟೆ ಮಾಸ್ಕ್ ಹಾಕಿ ಹಾಡಿದರೆ ಉಸಿರೆಳೆದಾಗ ತುಟಿಗೆ ಅಂಟುತ್ತದೆ, ಬಾಯಿ ದೊಡ್ಡದಾಗಿ ತೆರೆದರೆ ಗಲ್ಲದಿಂದ ಮೇಲೆ ಜಾರುತ್ತದೆ, ಗಾಳಿಯೆಲ್ಲ ಮೂಗಿನ ಪಕ್ಕದಿಂದ ಹೊರಗೆ. ನನ್ನ ಕನ್ನಡಕಕ್ಕೆ ಮಂಜು ಹಿಡಿದರೆ ಆ ಮಾಸ್ಕ್ ಫೇಲ್ ಎಂದು ಲೆಕ್ಕ. ಹಾಗಾಗಿ ಹಾಡುವವರಿಗೆಂದೇ ಕೊಕ್ಕಿನ ಹಾಗೆ ಮುಂದೆ ಚಾಚಿದ್ದು ಮಾಡಿದೆ. ಒಳಗೆ ತುಟಿ ಆಡಲು ಜಾಗ, ಗಲ್ಲದ ಕೆಳಗೆ ಉದ್ದ ಮಡಿಕೆ, ಮೂಗಿನ ಮೇಲೆ ಹಳೆಯ ಫೈಲಿನ ತಗಡಿನ ಪಟ್ಟಿ. ನಿನ್ನ ಅಳತೆ ತೆಗೆಯುವಾಗ ಬಾಯಿ ತೆರೆ, ಆ ಅನ್ನು ಎಂದೆ. ನೀನು ಆ ಎಂದೆ. ಚಿಕ್ಕಂದಿನಲ್ಲಿ ಗಂಜಿ ತಿನ್ನಿಸುವಾಗಲೂ ಹೀಗೇ ಮಾಡ್ತಿದ್ದಿಯಲ್ಲ ಅಕ್ಕ ಎಂದು ನಕ್ಕೆ. ಒಗೆದಾಗ ಅದಲುಬದಲಾಗದ ಹಾಗೆ ಒಬ್ಬೊಬ್ಬರ ಮಾಸ್ಕಿನ ಕಿವಿದಾರಕ್ಕೆ ಒಂದೊಂದು ಬಣ್ಣದ ನೂಲು ಸುತ್ತಿದೆ. ಭಾವನದ್ದು ಹಸಿರು. ನೀನು ನೇರಳೆ ಕೇಳಿದೆ.

ನೀನು ಬೇಡ ಎಂದದ್ದೂ ನೆನಪಿದೆ. ಮೊದಲು ಎಲ್ಲಿಂದಲೋ ಪ್ಲಾಸ್ಟಿಕ್ ಬಟನ್ನಿನ ಮಾಸ್ಕ್ ಹಿಡಿದುಕೊಂಡು ಬಂದಿದ್ದೆ. ಉಸಿರು ಬಿಟ್ಟಾಗ ಬಟನ್ನಿನ ಬಾಗಿಲು ತೆರೆಯುತ್ತದೆ, ಎಳೆದಾಗ ಮುಚ್ಚುತ್ತದೆ, ಹಾಡಲಿಕ್ಕೆ ಸುಲಭ ಎಂದೆ. ನಾನು ಅದನ್ನು ಬಿಸಿಲಿನಲ್ಲಿ ಹಾಕಿ ತೋರಿಸಿ, ನಿನ್ನ ಬಾಯಿಯ ಗಾಳಿ ಸೋಸದೆ ಎದುರಿನವರ ಮುಖಕ್ಕೆ ಹೋಗುತ್ತದೆ, ಇದು ಹಾಕಿಕೊಂಡವನನ್ನು ಕಾಯುತ್ತದೆ ಅಷ್ಟೇ ಎಂದು ಹೇಳಿದ್ದೆ. ಆಗ ನೀನು ತಲೆಯಾಡಿಸಿದೆ. ಒಂದೇ ತಕರಾರು ಮಾಡಿದ್ದು. “ಅಕ್ಕ, ನಿನ್ನದ್ರಲ್ಲಿ ಹಾಡಿದ್ರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳ್ತದೆ. ಕೇಬಲ್‌ನವರು ಕ್ಯಾಮೆರಾ ತರ್ತಾರಂತೆ.” ಒಂದು ದಿನ ಸ್ವರ ಮಂದವಾದರೆ ಏನಾಯಿತು ಮಾರಾಯ ಎಂದೆ. ಆಯ್ತು ಅಕ್ಕ ಎಂದು ಹೇಳಿ ನೀನು ಆಗ ಕೆಲಸಕ್ಕಿದ್ದ ಐರೋಲಿಯ ಹೋಟೆಲಿಗೆ ಹೋದೆ, ಮಾಸ್ಕ್ ಕಿಸೆಯಲ್ಲಿಟ್ಟುಕೊಂಡು. ಆ ಆಯ್ತು ಅಕ್ಕ ಎಂಬ ಮಾತನ್ನು ನಾನು ನಂಬಿದೆ.

ಏಕಾಹದ ದಿನ ಮಳೆ ಬಿಟ್ಟಿರಲಿಲ್ಲ. ಮಂಡಳಿಯ ಕೋಣೆಯ ಕಿಟಕಿ ತೆರೆಯಿರಿ ಎಂದು ನಾನು ಎಷ್ಟು ಹೇಳಿದರೂ ಜಮಖಾನ ಒದ್ದೆಯಾಗ್ತದೆ ಎಂದು ಮುಚ್ಚಿದರು. ನೀನು ಬಂದಾಗ ನಾನು ನಿನ್ನ ಕೈ ಹಿಡಿದು ನೋಡಿದೆ, ಬಿಸಿ ಇತ್ತು. ರೈಲಿನಲ್ಲಿ ನಿಂತು ಬಂದೆ ಅಕ್ಕ, ಅದಕ್ಕೆ ಎಂದೆ. ಪಾನಕ ಬೇಡ, ಕಾಳುಮೆಣಸಿನ ಬಿಸಿನೀರು ಸಾಕು ಎಂದೆ. ಸ್ವರಕ್ಕೆ ಮಾಡಿಕೊಳ್ಳುತ್ತಿದ್ದಾನೆ ಎಂದು ನಾನು ಕುದಿಸಿ ತಂದುಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನಿನ್ನ ತಂಡದಿಂದ ಭಾವನ ತಂಡಕ್ಕೆ ತಾಳ ಬದಲಾಗಬೇಕು. ತಾಳ ನಿಲ್ಲಬಾರದಲ್ಲ, ಕೊಡುವವನೂ ತೆಗೆದುಕೊಳ್ಳುವವನೂ ಎದುರೆದುರು ಕೂತು ಒಂದೇ ಸಾಲನ್ನು ಒಟ್ಟಿಗೆ ಹಾಡುತ್ತಾ ಹಾಡುತ್ತಾ ಕೈಯಿಂದ ಕೈಗೆ ದಾಟಿಸಬೇಕು. ಮುಖಕ್ಕೂ ಮುಖಕ್ಕೂ ಒಂದು ಗೇಣು. ನಾನು ಹಿಂದೆ ಅಡುಗೆಯ ಕಡೆ ಅವಲಕ್ಕಿ ಕಲಸುತ್ತಿದ್ದೆ, ಕಾಣಲಿಲ್ಲ, ಕೇಳಿತು ಅಷ್ಟೇ. ನಿನ್ನ ಸ್ವರ ಕನ್ನಡಿಯ ಹಾಗೆ ನಿಚ್ಚಳವಾಗಿತ್ತು. ಪಕ್ಕದಲ್ಲಿದ್ದ ನಳಿನಾಕ್ಷಿಯ ಹತ್ತಿರ, ನೋಡಿ, ಮಾಸ್ಕ್ ಹಾಕಿಯೂ ನನ್ನ ತಮ್ಮನ ಸ್ವರ ಹೇಗೆ ಬರ್ತದೆ ಎಂದು ಹೆಮ್ಮೆಪಟ್ಟೆ. ಆ ಮಾತು ಈಗ ನೆನಪಾದರೆ ನನಗೆ ನನ್ನ ಬಾಯಿಗೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮುಂದಿನದ್ದು ನಿನಗೆ ಗೊತ್ತು. ಆ ವಾರದಲ್ಲೇ ಭಾವನಿಗೆ ಜ್ವರ ಏರಿತು, ಕಲ್ಯಾಣದ ಆಸ್ಪತ್ರೆಗೆ ಹಾಕಿದೆವು, ಉಸಿರಿಗೆ ನಳಿಗೆ ಇಟ್ಟರು. ಗಾಜಿನ ಹೊರಗೆ ನಿಂತು ನೋಡುವುದು ಬಿಟ್ಟರೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಅವರ ತಂಡದ ಇನ್ನಿಬ್ಬರಿಗೂ ಜ್ವರ ಬಂತು, ಅವರು ಬೇಗ ಎದ್ದರು. ಭಾವ ಬದುಕಿ ಬಂದರು, ದೇವರು ದೊಡ್ಡವನು. ಆದರೆ ಶ್ವಾಸಕೋಶ ಮೊದಲಿನ ಹಾಗಾಗಲಿಲ್ಲ. ಹಾಡಿನ ಒಂದು ಸಾಲು ಒಂದೇ ಉಸಿರಿಗೆ ಮುಗಿಯುವುದಿಲ್ಲ. ಈಗ ಶನಿವಾರದ ಭಜನೆಗೆ ಹೋಗಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತು ಚಪ್ಪಾಳೆ ತಟ್ಟುತ್ತಾರೆ, ತುಟಿ ಮಾತ್ರ ಅಲ್ಲಾಡುತ್ತದೆ. ನನ್ನ ಮದುವೆಗೆ ಮೊದಲು ನಮ್ಮ ಅಪ್ಪ ಈ ಚೆನ್ನಯನ ಸ್ವರ ಕೇಳಿಯೇ ಹುಡುಗ ಆಗಬಹುದು ಎಂದದ್ದು. ಆ ಸ್ವರ ಹೋಯಿತು.

ಎಲ್ಲ ಆದಮೇಲೆ ಮಂಡಳಿಯಲ್ಲಿ ಸಭೆ ಕರೆದರಲ್ಲ, ಅಲ್ಲಿ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಮಾಸ್ಕ್ ಇದ್ದೂ ಹೀಗೆ ಹೇಗಾಯಿತು ಎಂದು ವಸಂತಕುಮಾರಣ್ಣ ಕೇಳಿದರು. ನೀನು ಎದ್ದು ನಿಂತೆ. “ಅಕ್ಕ ಪಾಪ, ಅವಳಿಗೆ ತಿಳಿದಷ್ಟು ಮಾಡಿದ್ದಾಳೆ. ಮನೆಯಲ್ಲಿ ಹೊಲಿದದ್ದಲ್ವಾ, ಕಂಪೆನಿಯದ್ದರ ಹಾಗೆ ಇರ್ಲಿಕ್ಕೆ ಆಗ್ತದಾ? ನನಗೂ ಜ್ವರ ಬಂತು. ಅವಳಿಗೆ ಯಾರೂ ಏನೂ ಹೇಳ್ಬೇಡಿ.” ಎಷ್ಟು ಮೆದುವಾಗಿ ಹೇಳಿದೆ ದೇವು. ನನ್ನ ಪರವಾಗಿಯೇ ಮಾತಾಡುತ್ತಿದ್ದೀ ಎಂದು ನಾನು ಕಣ್ಣು ಒರೆಸಿಕೊಂಡೆ. ಆ ದಿನದಿಂದ ಯಾರೂ ನನಗೆ ಏನೂ ಹೇಳಲಿಲ್ಲ, ನಿಜ. ನನ್ನ ಹಿಂದೆ ಹೇಳಿದರು. ಅದು ಎಂ.ಐ.ಡಿ.ಸಿ. ಕಾರ್ಖಾನೆಯ ಕೆಮಿಕಲ್ ಬಟ್ಟೆಯಂತೆ, ಅದನ್ನು ಮೂಗಿಗೆ ಕಟ್ಟಿ ಗಂಡನ ಪುಪ್ಪುಸ ಹಾಳು ಮಾಡಿದಳಂತೆ. ಹೆಂಗಸರ ಭಜನೆಯಲ್ಲಿ ಮೊದಲ ತಾಳ ನನ್ನದಿತ್ತು, ನಿಧಾನಕ್ಕೆ ನಳಿನಾಕ್ಷಿಯ ಕೈಗೆ ಹೋಯಿತು. ಜಲಜಕ್ಕ, ನೀವು ಹೂ ಕಟ್ಟಿ, ಅಷ್ಟು ಸಾಕು ಎಂದರು. ಕಟ್ಟಿದೆ. ಊರವರ ಮಾತು ಬಿಡು. ಕೊನೆಗೆ ನಾನೂ ನಂಬಿದೆ. ಉಳಿದ ಬಟ್ಟೆಯನ್ನೆಲ್ಲ ಕಸದವನಿಗೆ ಕೊಟ್ಟೆ. ಪಕ್ಕದಲ್ಲಿ ಇವರು ಕೆಮ್ಮುವಾಗಲೆಲ್ಲ ಇದು ನನ್ನ ಕೈಯ ಕೆಲಸ ಎಂದುಕೊಂಡು ಒಂದು ವರ್ಷ ಗೋಡೆಯ ಕಡೆ ತಿರುಗಿ ಮಲಗಿದ್ದೇನೆ.

ಮೊನ್ನೆ ಬುಧವಾರ, ಈ ವರ್ಷದ ಅಷ್ಟಮಿಗೆ ತಾಳಗಳನ್ನು ಹುಳಿ ಹಾಕಿ ತಿಕ್ಕಿ ಕೊಡಿ ಎಂದು ನಳಿನಾಕ್ಷಿ ಚೀಲಗಳನ್ನು ಮನೆಗೆ ತಂದಿಟ್ಟು ಹೋದಳು. ಅದರಲ್ಲಿ ನಿನ್ನ ಕೆಂಪು ಚೀಲವೂ ಇತ್ತು. ಸೂರತ್‌ಗೆ ಹೋಗುವಾಗ ನೀನು ಅದನ್ನು ಮಂಡಳಿಯ ಕಪಾಟಿನಲ್ಲೇ ಬಿಟ್ಟು ಹೋಗಿದ್ದೆ. ಒಗೆಯಲೆಂದು ಮಗುಚಿದೆ. ತಾಳದ ಹಿಂದೆಯೇ ಮಾಸ್ಕ್ ಬಿತ್ತು, ನೇರಳೆ ನೂಲಿನದ್ದು. ಎತ್ತಿದ ಕೂಡಲೇ ಹಗುರ ಎನಿಸಿತು. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿ ನೋಡಿ ಪಾಸ್ ಮಾಡಿದ ಕೈ, ಅದಕ್ಕೆ ಮೋಸವಾಗುವುದಿಲ್ಲ. ಬೆಳಕಿಗೆ ಹಿಡಿದೆ, ನನ್ನ ಬೆರಳಿನ ನೆರಳು ಆಚೆ ಕಂಡಿತು. ನಡುವಿನ ಬಟ್ಟೆ ಇಲ್ಲ. ಕೆಳಗಿನ ಮಡಿಕೆ ಬಿಚ್ಚಿ, ಅದನ್ನು ಎಳೆದು ತೆಗೆದು, ಪುನಃ ಹೊಲಿದಿದೆ. ಚಂದದ ಹೊಲಿಗೆ, ಸೂಜಿಯ ಒಂದೊಂದು ಚುಚ್ಚೂ ಒಂದೇ ಅಳತೆ. ಆದರೆ ನನ್ನ ಹೊಲಿಗೆ ಯಾವ ಕಡೆಗೆ ವಾಲುತ್ತದೋ ಅದಕ್ಕೆ ಎದುರು ದಿಕ್ಕಿಗೆ ವಾಲಿತ್ತು. ಶಾಲೆಯ ಚಡ್ಡಿಯ ಅಂಚು ಬಿಚ್ಚಿದಾಗ ನಿನಗೆ ಹೊಲಿಯಲು ಕಲಿಸಿದವಳು ನಾನು. ಎಡಗೈಯಲ್ಲಿ ಹೊಲಿಯಬೇಡ ಎಂದು ಅಮ್ಮ ಬೈದರೆ, ಇರಲಿ ಬಿಡಮ್ಮ, ಹೊಲಿಗೆ ಚಂದ ಬಿದ್ದರೆ ಸಾಕು ಎಂದವಳೂ ನಾನು.

ಅದನ್ನು ಹಾಕಿಕೊಂಡು ಅದೇ ಕಿಟಕಿಯ ಹತ್ತಿರ ನಿಂತು ಹಾಡಿದೆ. ಕೊಡೆ ಹಿಡಿಯಲು ಯಾರೂ ಇರಲಿಲ್ಲ, ಗೋಡೆಗೆ ಕಪ್ಪು ಶಾಲು ಕಟ್ಟಿಕೊಂಡೆ. ಉಸಿರೆಳೆದಾಗ ಬಟ್ಟೆ ಒಳಬಂದು ತುಟಿಗೆ ಅಂಟಿತು. ಏರುಸ್ವರ ಎತ್ತಿದಾಗ ಬಿಸಿಲಿನಲ್ಲಿ ಸಣ್ಣ ಹೊಗೆಯ ಹಾಗೆ ಏನೋ ಮುಂದೆ ಹೋಯಿತು. ಸ್ವರ ಎಷ್ಟು ಚೆನ್ನಾಗಿ ಬಂತು ಎಂದರೆ, ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಅರ್ಥವಾಯಿತು. ಅರ್ಥವಾದಷ್ಟೂ ಸಿಟ್ಟು ಜಾಸ್ತಿಯಾಯಿತು. ಸ್ವರದ ಆಸೆಗೆ ಬಟ್ಟೆ ತೆಗೆದೆ, ಅದು ಹುಚ್ಚು, ಕ್ಷಮಿಸಿಬಿಡುತ್ತಿದ್ದೆ. ಮೈ ಬಿಸಿ ಇದ್ದೂ ಬಂದು ಭಾವನ ಮುಖದೆದುರು ಕೂತೆ, ಅದನ್ನೂ ಅತ್ತು ಬೈದು ಒಂದು ದಿನ ಕ್ಷಮಿಸುತ್ತಿದ್ದೆನೋ ಏನೋ. ಎಲ್ಲ ಗೊತ್ತಿದ್ದೂ ಸಭೆಯಲ್ಲಿ ನಿಂತು ಅಕ್ಕ ಪಾಪ ಎಂದೆಯಲ್ಲ, ಅದಕ್ಕೆ ನಾನು ಏನು ಮಾಡಲಿ? ನಿನ್ನನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗಿದ್ದೇನೆ ದೇವು. ಈ ಊರಿಗೆ ಕರೆಸಿ, ಇದೇ ಮನೆಯಲ್ಲಿ ಮಲಗಿಸಿ, ಹೋಟೆಲ್ ಕೆಲಸಕ್ಕೆ ಹಚ್ಚಿದ್ದೇನೆ. ನಿನ್ನ ಒಂದು ಮಾತಿನಿಂದ ನನ್ನ ಒಂದು ವರ್ಷ ಉಳಿಯುತ್ತಿತ್ತು. ಆ ಮಾತು ನಿನ್ನ ಬಾಯಲ್ಲಿ ಬರಲಿಲ್ಲ.

ವಸಂತಕುಮಾರಣ್ಣ ನಿನಗೆ ಫೋನ್ ಮಾಡಿ ಈ ಸಲದ ಏಕಾಹಕ್ಕೆ ಮೊದಲ ತಾಳ ನೀನೇ ಎತ್ತಬೇಕು ಎಂದಿದ್ದಾರಂತೆ, ನೀನು ಹೂಂ ಎಂದಿದ್ದೀಯಂತೆ. ಬಾ. ಆದರೆ ಮಂಡಳಿಗೆ ಹೋಗುವ ಮೊದಲು ಮನೆಗೆ ಬಾ. ಭಾವನ ಎದುರು ಕೂತು ಆದದ್ದನ್ನು ನಿನ್ನ ಬಾಯಿಂದಲೇ ಹೇಳು. ಅವರಿಗೆ ನಾನು ಇನ್ನೂ ಹೇಳಿಲ್ಲ. ಮಾಸ್ಕನ್ನು ಎರಡು ದಿನ ಅಕ್ಕಿಯ ಡಬ್ಬದೊಳಗೆ ಬಚ್ಚಿಟ್ಟಿದ್ದೆ. ಅವರಿಗೆ ನೀನೆಂದರೆ ಪ್ರಾಣ. ತಮ್ಮ ಸ್ವರ ಹೋದಮೇಲೂ ದೇವು ಇದ್ದಾನಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುವ ಮನುಷ್ಯ. ಈ ಸಂಗತಿ ತಿಳಿದರೆ ಒಡೆದು ಹೋಗುತ್ತಾರೆ. ನನ್ನ ಬಾಯಿಂದ ಕೇಳಿ ಒಡೆಯುವುದು ಬೇಡ, ನಿನ್ನಿಂದ ಕೇಳಿದರೆ ನಿನ್ನನ್ನು ಬೈಯಲಿಕ್ಕಾದರೂ ಒಂದು ದಾರಿ ಇರುತ್ತದೆ. ನನ್ನ ಮರ್ಯಾದೆಯ ವಿಷಯ ಆಮೇಲೆ ನೋಡೋಣ. ಮೊದಲು ಅವರು.

ಹುಡುಗಿ ನೋಡುವ ವಿಷಯ ಈಗ ಬರೆಯುವುದಿಲ್ಲ. ಊಟ ಸರಿಯಾಗಿ ಮಾಡು. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಬರೆಯಲು ಕೈ ಹಿಂದೆ ಮುಂದೆ ನೋಡಿತು, ಆದರೂ ಬರೆದಿದ್ದೇನೆ, ಅಕ್ಕನ ಕೈ ತಾನೇ.

ಇಂತಿ,
ನಿನ್ನ ಅಕ್ಕ
ಜಲಜಾಕ್ಷಿ

ವಿ.ಸೂ.: ಲಕೋಟೆಗೆ ಅಂಟು ಹಾಕುವ ಮೊದಲು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಓದಲಾಗದಿದ್ದರೆ ಎರಡು ಸಲ ಓದು. ಭಾವ ಮಧ್ಯಾಹ್ನದ ನಿದ್ದೆಯಿಂದ ಎದ್ದು ಚಹಾ ಕೇಳಲು ಅಡುಗೆಮನೆಗೆ ಬಂದರು. ಬರೆಯುವಾಗ ನೋಡಲೆಂದು ಮಾಸ್ಕನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟದ್ದನ್ನು ಮರೆತಿದ್ದೆ. ಅವರು ಅದನ್ನು ನೋಡಿ, ಇದೆಂತ ಎಂದು ಕೇಳಲಿಲ್ಲ. “ಇದು ನಿನಗೆ ಎಲ್ಲಿ ಸಿಕ್ಕಿತು?” ಎಂದು ಕೇಳಿದರು. ಕೂರಿಸಿ ಕೇಳಿದೆ. ತಾಳ ತೆಗೆದುಕೊಳ್ಳುವಾಗಲೇ ಕಂಡಿದ್ದರಂತೆ, ಉಸಿರೆಳೆದಾಗಲೆಲ್ಲ ನಿನ್ನ ತುಟಿಯ ಆಕಾರ ಬಟ್ಟೆಯಲ್ಲಿ ಮೂಡುತ್ತಿತ್ತಂತೆ. “ತಾಳ ನಿಲ್ಸಿ ಏಳ್ಲಿಕ್ಕೆ ಆಗ್ತದಾ? ಆಮೇಲೆ ಹೇಳಿ ಎಂತ ಪ್ರಯೋಜನ? ಅವನಿಗೆ ಹಾಡು ಬಿಟ್ರೆ ಬೇರೆ ಎಂತ ಉಂಟು, ಮಂಡಳಿಯವರು ಅವನ ಬಾಯಿ ಮುಚ್ಚಿಸ್ತಿದ್ರು. ನೀನಾದ್ರೆ ಯಾರು ಎಂತ ಹೇಳಿದ್ರೂ ತಡ್ಕೊಳ್ತಿ.” ಹೀಗೆ ಹೇಳಿದರು ದೇವು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದದ್ದು ಯಾಕೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪಕ್ಕದಲ್ಲೇ ಮಲಗಿದ್ದರು.

ಆದುದರಿಂದ ಮೇಲೆ ಬರೆದದ್ದರಲ್ಲಿ ಒಂದು ಮಾತು ಬದಲು. ಮನೆಗೆ ಬಂದು ಭಾವನಿಗೆ ಹೇಳುವ ಅಗತ್ಯ ಇಲ್ಲ. ನಾನು ತಡೆದುಕೊಳ್ಳುತ್ತೇನೆ ಎಂದು ಗಂಡಸರಿಬ್ಬರೂ ತೀರ್ಮಾನ ಮಾಡಿದ್ದೀರಿ, ನನ್ನನ್ನು ಕೇಳಲಿಲ್ಲ. ನಾಳೆ ಶನಿವಾರ, ಭಜನೆಗೆ ಎಲ್ಲರೂ ಇರುತ್ತಾರೆ. ಮಾಸ್ಕ್ ಈಗ ನನ್ನ ಪರ್ಸಿನಲ್ಲಿದೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಾನು ಹೇಳಿ ಮುಗಿಸಿರುತ್ತೇನೆ.